ಬೆಳ್ಳುಳ್ಳಿ ಇಲ್ಲದ ಎರಡು ವರ್ಷ

ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಕೊಡುವಾಗ ಯಾರೂ ಜಾತಿ ಕೇಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಊರಿನ ಬಗ್ಗೆ ಹೊರಗಿನವರಿಗೆ ತಪ್ಪು ಅಭಿಪ್ರಾಯ ಬಂದೀತು. ಅವರು ಅಡ್ಡಹೆಸರು ಕೇಳುತ್ತಾರೆ. ಅದರಿಂದ ಬಗೆಹರಿಯದಿದ್ದರೆ ಮೂಲ ಊರು ಕೇಳುತ್ತಾರೆ, ಆ ಊರಲ್ಲಿ ಮನೆ ಯಾವ ಓಣಿಯಲ್ಲಿ ಎಂದು ಕೇಳುತ್ತಾರೆ, ಮನೆದೇವರು ಯಾವುದು ಎಂದು ಕೇಳುತ್ತಾರೆ. ಕೊನೆಗೆ ಧ್ವನಿ ತಗ್ಗಿಸಿ, "ನೀವು ತಿನ್ನೋ ಮಂದಿ ಏನ್ರಿ?" ಎನ್ನುತ್ತಾರೆ. ತಿನ್ನುವವರು ಎಂದರೆ ಮಾಂಸ ತಿನ್ನುವವರು. ಉಳಿದವರು ಗಾಳಿ ಕುಡಿದು ಬದುಕಿದ್ದಾರೆಂದು ತಿಳಿಯಬೇಕು. ಇಷ್ಟೆಲ್ಲ ಆದ ಮೇಲೆ, "ನಮಗ ಜಾತಿ-ಗೀತಿ ಏನೂ ಇಲ್ರಿ, ಮನುಷ್ಯಾ ಛಲೋ ಇದ್ರ ಸಾಕು" ಎಂದು ಹೇಳಿ ಚಹಾ ಕೊಡುತ್ತಾರೆ.

ನಮ್ಮ ಕಡೆಯ ಅಡ್ಡಹೆಸರುಗಳು ಈ ವಿಚಾರಣೆಗೆ ಅಷ್ಟಾಗಿ ಸಹಕರಿಸುವುದಿಲ್ಲ. ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವಳು. ಹಾಜರಿ ಕರೆದರೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಅಕ್ಕಿ ಎಲ್ಲರೂ ಎದ್ದು ನಿಂತು ಸಂತೆ ಮುಗಿಸಿ ಬಂದ ಹಾಗಾಗುತ್ತದೆ. ಇನ್ನರ್ಧ ಮಕ್ಕಳದು ಊರುಗಳ ಹೆಸರು. ನಮ್ಮದೂ ಊರಿನ ಹೆಸರೇ. ಅದೇ ಅಡ್ಡಹೆಸರಿನ ಜೋಯಿಸರಿದ್ದಾರೆ, ಗೌಡರಿದ್ದಾರೆ, ಹತ್ತಿ ವ್ಯಾಪಾರಿಗಳಿದ್ದಾರೆ, ಅತ್ತರು ಮಾರುವ ಸಾಹೇಬರಿದ್ದಾರೆ. ನಾವೂ ಇದ್ದೇವೆ. ನಾವು ಊರ ಹೊರಗಿನ ಕೇರಿಯವರು, ದಲಿತರು. ಅಪ್ಪ ನಡುವಯಸ್ಸಿನಲ್ಲಿ ಬೌದ್ಧರಾದರು. ಅಂದಿನಿಂದ ಮನೆಯಲ್ಲಿ ಮಾಂಸದ ಅಡುಗೆ ನಿಂತಿತು, ಅಪ್ಪ ತೀರಿಕೊಂಡ ಮೇಲೂ ಅವ್ವ ಆ ಪದ್ಧತಿ ಬಿಡಲಿಲ್ಲ. ನಾನು ಮಾತ್ರ ಎರಡು ವಾರಕ್ಕೊಮ್ಮೆ ಸ್ಕೂಟಿ ಹತ್ತಿ ಗಬ್ಬೂರ ಬೈಪಾಸಿನ ಒಂದು ಧಾಬಾಕ್ಕೆ ಹೋಗಿ, ಲಾರಿ ಡ್ರೈವರುಗಳ ಪಕ್ಕದ ಮೇಜಿನಲ್ಲಿ ಮಟನ್ ಊಟ ಮಾಡಿ, ಸೋಂಪು ಅಗಿಯುತ್ತ ಮನೆಗೆ ಬರುತ್ತೇನೆ. ಲೈಬ್ರರಿಗೆ ಹೋಗಿದ್ದೆ ಎಂದರೆ ಅವ್ವ, "ಯಾವ ಪುಸ್ತಕಾ? ತೊಡಿದೋ, ಎದಿದೋ?" ಎನ್ನುತ್ತಾಳೆ. ಅವಳು ಸರಕಾರಿ ಕನ್ನಡ ಶಾಲೆಯ ಹೆಡ್‌ಬಾಯಾರಾಗಿ ಅಂದರೆ ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದವಳು. ಸುಳ್ಳು ಹೇಳುವ ಮಕ್ಕಳನ್ನು ಮೂವತ್ತೈದು ವರ್ಷ ನೋಡಿದ್ದಾಳೆ.

ವಿದ್ಯಾನಗರದ ಈ ಮನೆ ಸಿಗುವ ಮೊದಲು ನಾನು ಐದು ಮನೆ ನೋಡಿದ್ದೆ. ಕೇಳಿದ್ದಕ್ಕೆಲ್ಲ ಖರೇ ಉತ್ತರ ಕೊಟ್ಟೆ. ಐದೂ ಮಾಲೀಕರ ಅಳಿಯಂದಿರಿಗೆ ಅದೇ ವಾರ ಹುಬ್ಬಳ್ಳಿಗೆ ವರ್ಗವಾಗಿ, ಐದೂ ಮನೆಗಳು ಅವರಿಗೇ ಬೇಕಾದವು. ಆರನೆಯ ಮನೆಯ ಕೆಳಗಿನ ಅಂತಸ್ತಿನಲ್ಲಿ ಮಾಲೀಕರೇ ಇದ್ದರು. ಗಂಡ ಮಾರ್ಕೆಟ್ ಯಾರ್ಡಿನಲ್ಲಿ ಕಾಳಿನ ವ್ಯಾಪಾರಿ. ಹೆಂಡತಿ ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಪೂಜೆ ಮುಗಿಯದೆ ಗುಟುಕು ನೀರನ್ನೂ ಮುಟ್ಟದ ಹೆಂಗಸು. ಆಕೆ ವಿಚಾರಣೆಯನ್ನು ಕೊನೆಯಿಂದ ಶುರುಮಾಡಿದರು.

"ತಿನ್ನೋ ಮಂದಿ ಏನ್ರಿ?"

"ನಮ್ಮ ಮನ್ಯಾಗ ಬೇಯಸೂದಿಲ್ರಿ" ಎಂದಳು ಅವ್ವ. ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ಆಕೆ ಒಳಗೆ ಓಡಿದರು. ತಿರುಗಿ ಬರುವಷ್ಟರಲ್ಲಿ ಉಳಿದ ಪ್ರಶ್ನೆಗಳು ಮರೆತುಹೋಗಿದ್ದವು. ಸಂವಿಧಾನ ಕೊಡಿಸಲಾಗದ ಮನೆಯನ್ನು ನನಗೆ ಒಂದು ಕುಕ್ಕರ್ ಕೊಡಿಸಿತು.

ಬುದ್ಧನ ಮೂರ್ತಿಯನ್ನು ಹಾಲಿನಲ್ಲೇ ಇಟ್ಟೆವು. ಬುದ್ಧನನ್ನು ಈಗ ಎಲ್ಲರೂ ಶೋಕೇಸಿನಲ್ಲಿ ಇಡುತ್ತಾರೆ, ಅವನಿಂದ ಯಾರಿಗೂ ಸಂಶಯ ಬರುವುದಿಲ್ಲ. ನೀಲಿ ಕೋಟಿನ ಫೋಟೋವನ್ನು ಮಾತ್ರ ನಾನು ಒಳಗಿನ ಕೋಣೆಯಲ್ಲಿ ತೂಗುಹಾಕಿದೆ. ಹಾಲಿನ ಗೋಡೆಗೆ ಮೊಳೆ ಹೊಡೆಯಬಾರದೆಂದು ಕರಾರುಪತ್ರದಲ್ಲಿದೆ ಎಂದು ಅವ್ವನಿಗೆ ಹೇಳಿದೆ. ಕರಾರುಪತ್ರದಲ್ಲಿ ಹಾಗೆ ಇರಲಿಲ್ಲ. ಅವ್ವ ಅದನ್ನು ಓದಿದ್ದಳು.

ಮಾಲೀಕಿಯನ್ನು ನಾನು ಕಾಕು ಎಂದು, ಅವರ ಗಂಡನನ್ನು ಕಾಕಾ ಎಂದು ಕರೆಯತೊಡಗಿದೆ. ಮನೆ ಹೊಕ್ಕ ಮರುದಿನವೇ ಕಾಕುವಿನ ಸ್ಟೀಲ್ ಡಬ್ಬಿ ಮೇಲೆ ಬಂತು. ಒಳಗೆ ಬದನೆಕಾಯಿ ಎಣಗಾಯಿ, ಬೆಳ್ಳುಳ್ಳಿ ಒಗ್ಗರಣೆಯ ಎಣ್ಣೆ ಮೇಲೆ ತೇಲುತ್ತಿತ್ತು. ನಾನು ರೊಟ್ಟಿಗೂ ಕಾಯದೆ ಬೆರಳಿನಿಂದಲೇ ಒರೆಸಿ ತಿಂದೆ. ಅಂಥ ಎಣಗಾಯಿ ಮಾಡುವ ಕೈಗೆ ನಾನು ಯಾವ ಪಾಪವನ್ನಾದರೂ ಮಾಫಿ ಮಾಡುತ್ತೇನೆ.

ಬಾಜೂ ಮನೆಯಿಂದ ಬಂದ ಡಬ್ಬಿಯನ್ನು ನಮ್ಮಲ್ಲಿ ಖಾಲಿ ಹಿಂದಿರುಗಿಸುವ ಹಾಗಿಲ್ಲ. ಏನಾದರೂ ಹಾಕಿಯೇ ಕೊಡಬೇಕು. ಇದರಿಂದಾಗಿ ಓಣಿಯಲ್ಲಿ ಡಬ್ಬಿಗಳ ಓಡಾಟ ಎಂದೂ ನಿಲ್ಲುವುದಿಲ್ಲ. ಕಳೆದುಹೋಗದಿರಲಿ ಎಂದು ತಳದಲ್ಲಿ ಹೆಸರು ಕೊರೆಸಿರುತ್ತಾರೆ. ಅವ್ವ ಡಬ್ಬಿ ತಿಕ್ಕಿ, ಒರೆಸಿ, ಮೂರು ಬಾಳೆಹಣ್ಣು ಇಟ್ಟಳು.

"ಅವ್ವಾ, ನೀ ಮಾಡಿದ ಶೇಂಗಾ ಹೋಳಿಗಿ ಅದಾವಲ್ಲ, ಅವನ್ನ ಹಾಕು" ಎಂದೆ.

"ಬ್ಯಾಡ. ಬಾಳಿಹಣ್ಣಿಗೆ ಸಿಪ್ಪಿ ಇರ್ತದ."

ಅವ್ವನ ಪ್ರಕಾರ ಸಿಪ್ಪೆ ಇರುವ ಹಣ್ಣಿಗೆ ಮೈಲಿಗೆ ತಟ್ಟುವುದಿಲ್ಲ. ಬಾಳೆ, ಕಿತ್ತಳೆ, ತೆಂಗಿನಕಾಯಿ ನಡೆಯುತ್ತವೆ. ಸಕ್ಕರೆ ನಡೆಯುತ್ತದೆ. ಅಂಗಡಿಯ ಪೇಡೆಯಂತೂ ಎಲ್ಲಿಗೂ ನಡೆಯುತ್ತದೆ. ಧಾರವಾಡದ ಪೇಡೆಯನ್ನು ಯಾರ ಕೈ ತಿರುವಿತು ಎಂದು ಇದುವರೆಗೆ ಒಬ್ಬ ಗಿರಾಕಿಯೂ ಕೇಳಿಲ್ಲ. ಪೊಟ್ಟಣ ಕಟ್ಟಿದ ಕೂಡಲೇ ಅದರ ಜಾತಿ ಬಿಟ್ಟುಹೋಗುತ್ತದೆ. ಬೇಯಿಸಿದ್ದು ಮಾತ್ರ ನಮ್ಮ ಮನೆಯಿಂದ ಹೊರಗೆ ಹೋಗುವ ಹಾಗಿರಲಿಲ್ಲ.

ಇದಕ್ಕೆ ಕಾರಣ ನಾನು. ನಾನು ಎರಡನೇ ಇಯತ್ತೆಯಲ್ಲಿದ್ದಾಗ ಅವ್ವನಿಗೆ ಒಂದು ಹಳ್ಳಿಯ ಶಾಲೆಗೆ ವರ್ಗವಾಗಿತ್ತು. ಪಂಚಮಿಗೆ ಅವಳು ಎರಡು ದಿನ ಕುಳಿತು ಉಂಡಿ ಕಟ್ಟಿದಳು. ಎಳ್ಳಿನವು, ಶೇಂಗಾದವು, ಬೇಸನ್ನಿನವು. ಬಾಜೂ ಮನೆಗೆ ನನ್ನ ಕೈಯಲ್ಲಿ ಕಳಿಸಿದಳು. ಆ ಮನೆಯಾಕೆ ನಕ್ಕು, ನನ್ನ ಗಲ್ಲ ಹಿಂಡುವಂತೆ ಮಾಡಿ, ಹಿಂಡದೆ, ಡಬ್ಬಿ ಇಸಿದುಕೊಂಡಳು. ಸಂಜೆ ಹಿತ್ತಲಲ್ಲಿ ಆಡುವಾಗ ನೋಡಿದರೆ ಅವರ ಎಮ್ಮೆ ನಮ್ಮ ಉಂಡಿ ತಿನ್ನುತ್ತಿತ್ತು. ನನಗೆ ಹಿಗ್ಗು. ಓಡಿ ಬಂದು, "ಅವ್ವಾ, ಅವರ ಎಮ್ಮಿಗೆ ನಿನ್ನ ಉಂಡಿ ಭಾಳ ಸೇರ್ಯಾವು!" ಎಂದೆ. ಒಲೆಯ ಮುಂದೆ ಕುಳಿತಿದ್ದ ಅವ್ವ ಬಹಳ ಹೊತ್ತು ಮೇಲೇಳಲಿಲ್ಲ. ಆಮೇಲೆ ಮೂವತ್ತು ಚಿಲ್ಲರೆ ವರ್ಷ ಅವಳು ಯಾರ ಮನೆಗೂ ಬೇಯಿಸಿದ ಒಂದು ಕಾಳನ್ನೂ ಕಳಿಸಲಿಲ್ಲ. ಆ ಹೆಂಗಸಿನ ಮೇಲೆ ನನಗೆ ಈಗಲೂ ಸಿಟ್ಟಿದೆ. ಎಮ್ಮೆಯ ಮೇಲೆ ಇಲ್ಲ, ಅದಾದರೂ ಮರ್ಯಾದೆಯಿಂದ ತಿಂದಿತ್ತು.

ವಿದ್ಯಾನಗರಕ್ಕೆ ಬಂದು ನಾಲ್ಕಾರು ತಿಂಗಳಾಗುವಷ್ಟರಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು. ಕಾಕುವಿನ ಪಲ್ಯದಿಂದ ಮೊದಲು ಬೆಳ್ಳುಳ್ಳಿ ಮಾಯವಾಯಿತು. ಬಳಿಕ ಉಳ್ಳಾಗಡ್ಡಿ ಹೋಯಿತು. ಬಳಿಕ ಮಸಾಲೆಯೂ ಇಳಿದು, ಎಣಗಾಯಿ ಎಂಬುದು ಆಸ್ಪತ್ರೆಯಿಂದ ಬಂದಂತೆ ಕಾಣತೊಡಗಿತು. ಜೊತೆಗೆ ಕಾಕು ನಮ್ಮ ಮನೆಯೊಳಗೆ ಬರುವುದನ್ನೂ ಬಿಟ್ಟರು. ಹೊಸ್ತಿಲಾಚೆ ನಿಂತು, "ಬಾಯಾರ, ಬರಲೇನ್ರಿ? ಮಡಿ ಅದೀರೇನು?" ಎಂದು ಕೇಳುವರು. ಅವ್ವ ಮೆಟ್ಟಿಲಿಳಿಯುವ ಸಪ್ಪಳವಾದರೆ ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕುಳಿತ ಕಾಕಾ ಲಗುಬಗೆಯಿಂದ ಟವೆಲ್ ಹೊದ್ದುಕೊಳ್ಳುವರು. ಎದುರು ಮನೆಯವರೊಬ್ಬರು ಬಂದು, ಶಾವಿಗೆ ಹೊಸೆಯಲು ಒಳ್ಳೆಯ ದಿನ ನೋಡಿ ಹೇಳಿರೆಂದು ಅವ್ವನನ್ನು ಕೇಳಿದರು. ಅವ್ವ ಕ್ಯಾಲೆಂಡರ್ ನೋಡಿ, "ಆದಿತ್ವಾರ ಸೂಟಿ ಅದ, ಅವತ್ತ ಮಾಡ್ರಿ" ಎಂದಳು. ಆ ಆದಿತ್ಯವಾರ ಬಿಸಿಲು ಚೆನ್ನಾಗಿ ಬಿದ್ದು ಶಾವಿಗೆ ಒಂದೂ ಮುರಿಯಲಿಲ್ಲ. ಅವ್ವನ ಕೀರ್ತಿ ಮುಂದಿನ ಓಣಿಯವರೆಗೂ ಹೋಯಿತು.

ನಾನು ಒಂದು ದಿನ ಮೆಟ್ಟಿಲ ಬಳಿ ತಡೆದು ಕೇಳಿಯೇಬಿಟ್ಟೆ: "ಕಾಕೂ, ಪಲ್ಯಾದಾಗ ಬಳ್ಳೊಳ್ಳಿ ಯಾಕ ಬಿಟ್ರಿ?"

"ನನಗ ತಿಳಿಯೂದಿಲ್ಲೇನವಾ?" ಎಂದರು ಕಾಕು. "ನಿಮ್ಮವ್ವಾರ ಮಾತು ಪುಸ್ತಕಾ ಓದಿಧಂಗ ಇರ್ತಾವು. ಡಬ್ಬ್ಯಾಗ ಹಣ್ಣು, ಸಕ್ಕರಿ ಬಿಟ್ಟು ಬ್ಯಾರೆ ಏನೂ ಬರೂದಿಲ್ಲ. ನೀವು ದೊಡ್ಡ ಮಡಿ ಮಂದಿ. ನಮ್ಮ ಕೈಯಾಂದು ನಿಮಗ ನಡ್ಯೂದಿಲ್ಲ, ಬಾಯಿಬಿಟ್ಟು ಹೇಳಾಕ ಸಂಕೋಚ. ನಾ ಕಳಿಸಿದ್ದನ್ನ ಕೆಲಸದಾಕಿಗೆ ಕೊಡ್ತೀರೋ ಏನೋ ಅಂತ ಭಾಳ ಕೆಟ್ಟ ಅನಸ್ತಿತ್ತು ನನಗ. ಅದಕ್ಕ ಬಳ್ಳೊಳ್ಳಿ ಬಿಟ್ಟೆ. ಈಗರ ಉಣ್ಣತೀರಿಲ್ಲ?"

ನಮ್ಮ ಅಡುಗೆಯನ್ನು ಅವರು ಉಣ್ಣಲಿಕ್ಕಿಲ್ಲವೆಂದು ನಾವು ಹಣ್ಣು ಕಳಿಸುತ್ತಿದ್ದೆವು. ಅವರ ಅಡುಗೆಯನ್ನು ನಾವು ಉಣ್ಣಲಿಕ್ಕಿಲ್ಲವೆಂದು ಅವರು ಬೆಳ್ಳುಳ್ಳಿ ಬಿಟ್ಟಿದ್ದರು. ಆ ಕ್ಷಣದಲ್ಲಿ ಖರೇ ಹೇಳಬಹುದಿತ್ತು. ನಾನು, "ಉಣ್ಣತೀವಿ ಕಾಕೂ, ಭಾಳ ಛಲೋ ಆಗಿರ್ತೈತಿ" ಎಂದು ಮೇಲೆ ಹತ್ತಿ ಬಂದೆ.

ಆ ಹೊತ್ತಿಗೆ ಐದು ಮಂದಿ ಅಳಿಯಂದಿರ ನೆನಪು ನನಗೆ ಸಾಕಷ್ಟಿತ್ತು, ಅದು ಒಂದು ಕಾರಣ. ಇನ್ನೊಂದನ್ನು ಬರೆಯಲು ನಾಚಿಕೆಯಾಗುತ್ತದೆ: ನನಗೆ ಅದು ಹಿತವಾಗಿತ್ತು. ಹುಟ್ಟಿದಂದಿನಿಂದ ಯಾರೂ ನಮ್ಮನ್ನು ಕಂಡು ಟವೆಲ್ ಹೊದ್ದುಕೊಂಡಿರಲಿಲ್ಲ. ಕಾಲೇಜಿನಲ್ಲಿ ಪ್ರತಿವರ್ಷ ನೀಲಿ ಕೋಟಿನವರ ಜಯಂತಿಯ ದಿನ ಸಮಾನತೆಯ ಬಗ್ಗೆ ಮುಕ್ಕಾಲು ತಾಸು ಭಾಷಣ ಮಾಡುವವಳು ನಾನೇ, ಮಕ್ಕಳ ಕಣ್ಣಲ್ಲಿ ನೀರು ತರಿಸುವವಳು. ಭಾಷಣ ಮುಗಿಸಿ, ಕೊರಳಿನ ಹಾರ ಸ್ಕೂಟಿಯ ಡಿಕ್ಕಿಯಲ್ಲಿಟ್ಟುಕೊಂಡು ಮನೆಗೆ ಬಂದು ಮಡಿವಂತಳಾಗಿ ಮೆಟ್ಟಿಲು ಹತ್ತುತ್ತಿದ್ದೆ. ಒಂದೇ ತೊಂದರೆ, ನಮ್ಮ ಜಾತಿ ಏರಿದಷ್ಟೂ ಊಟ ಸಪ್ಪೆಯಾಗುತ್ತಿತ್ತು. ಮೇಲಿನವರು ಯಾಕೆ ಯಾವಾಗಲೂ ಮುಖ ಗಂಟಿಕ್ಕಿಕೊಂಡಿರುತ್ತಾರೆ ಎಂಬುದು ಆಗ ನನಗೆ ತಿಳಿಯಿತು.

ಅವ್ವನಿಗೆ ಈ ವಿಷಯ ಹೇಳಿದಾಗ ಅವಳು ನಗಲಿಲ್ಲ. "ಆಕಿಗೆ ಹಂಗ ಅನಸಬಾರದಾಗಿತ್ತು" ಎಂದಳು. ಅಷ್ಟೇ. ಎರಡು ವರ್ಷ ಹಾಗೇ ನಡೆಯಿತು. ಮೇಲಿನಿಂದ ಹಣ್ಣು ಇಳಿದವು, ಕೆಳಗಿನಿಂದ ಸಪ್ಪನ ಪಲ್ಯ ಏರಿತು.

ಹೋದ ಮಾಘದಲ್ಲಿ ಒಂದು ಸೋಮವಾರ ಕಾಕು ಮೆಟ್ಟಿಲು ತೊಳೆಯುವಾಗ ಜಾರಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಮೊಣಕೈವರೆಗೆ ಪ್ಲಾಸ್ಟರ್ ಹಾಕಿ ಕಳಿಸಿದರು. ಕಾಕಾ ಕಾಳಿನ ತಳಿಯನ್ನು ಮೂಸಿಯೇ ಹೇಳಬಲ್ಲವರು, ಆದರೆ ಗ್ಯಾಸ್ ಒಲೆ ಹಚ್ಚಲು ಬರುವುದಿಲ್ಲ. ಅಮ್ಮಿನಬಾವಿಯಲ್ಲಿರುವ ಅವರ ತಂಗಿ, ಅಂದರೆ ಕಾಕುವಿನ ನಾದಿನಿ, ಕಡಲೆ ರಾಶಿ ಮುಗಿಸಿ ಮುಂದಿನ ವಾರ ಬರುತ್ತೇನೆಂದು ಫೋನಿನಲ್ಲಿ ಹೇಳಿದ್ದಳು. ಅಲ್ಲಿಯವರೆಗೆ ಮೂರು ಹೊತ್ತೂ ಹೋಟೆಲ್ಲಿನ ಇಡ್ಲಿ. ಎಡಗೈಯಿಂದ ಉಣ್ಣಬಾರದು, ಚಮಚೆ ಹಿಡಿದರೆ ಅಡ್ಡಿಯಿಲ್ಲ. ಇಡ್ಲಿ ಚಮಚೆಗೆ ಸಿಗುತ್ತದೆ, ಜೋಳದ ರೊಟ್ಟಿ ಸಿಗುವುದಿಲ್ಲ. ನಾಲ್ಕನೆಯ ದಿನ ಕಾಕು ಮೆಟ್ಟಿಲ ಕೆಳಗೆ ನಿಂತು, "ರೊಟ್ಟಿ ಉಂಡು ನಾಕ ದಿನಾ ಆತವಾ, ಹೊಟ್ಟ್ಯಾಗ ಏನೂ ಇಲ್ಲಧಂಗ ಅನಸ್ತೈತಿ" ಎಂದು ನನ್ನ ಹತ್ತಿರ ಹೇಳಿಕೊಂಡರು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಹಿಟ್ಟು ನಾದುತ್ತಿದ್ದಳು. ಬದನೆಕಾಯಿ ಸೀಳಿಟ್ಟಿದ್ದಳು. ಒಂದು ಮುಷ್ಟಿ ಬೆಳ್ಳುಳ್ಳಿ ಸುಲಿದಿಟ್ಟಿದ್ದಳು.

"ಕೆಳಗ ಒಯ್ಯಾಕ?" ಎಂದೆ.

"ಹೂಂ. ಮದ್ಲ ಹೇಳ್ತೇನಿ, ಆಮ್ಯಾಲ ಉಣಸ್ತೇನಿ."

ಹೇಳುವುದೇನೂ ಬೇಡ, ಸುಮ್ಮನೆ ಊಟ ಕೊಟ್ಟು ಬಾ ಎಂದೆ. ಈ ವಯಸ್ಸಿನಲ್ಲಿ ಮತ್ತೆ ಮನೆ ಹುಡುಕುವುದು ನನ್ನಿಂದಾಗದು ಎಂದೆ. ಆಕೆಗೆ ನೋವಿನಲ್ಲಿ ಇನ್ನೊಂದು ನೋವು ಯಾಕೆ ಎಂದೂ ಸೇರಿಸಿದೆ. ಹೆದರಿದವರ ಬಾಯಲ್ಲಿ ಕರುಣೆ ಬಹಳ ಬೇಗ ಬರುತ್ತದೆ. ಅವ್ವ ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದು, ನನ್ನನ್ನು ಅಭ್ಯಾಸ ಮಾಡದೆ ಬಂದ ಮಗುವನ್ನು ನೋಡುವಂತೆ ನೋಡಿದಳು.

"ಹೇಳದ ಕೊಟ್ರ ನಾನೂ ಕಳ್ಳಿ, ಆಕಿನೂ ಮೋಸಹೋದಾಕಿ. ಅಂಥಾ ಊಟ ಯಾರ ಮೈಗೂ ಹತ್ತೂದಿಲ್ಲ. ನೀ ತಾಟ ಹಿಡಕೊಂಡು ಬಾ."

ಮಧ್ಯಾಹ್ನ ಕಾಕಾ ಮಾರ್ಕೆಟ್ಟಿಗೆ ಹೋದ ಮೇಲೆ ಕೆಳಗಿಳಿದೆವು. ಕಾಕು ಹಾಲಿನ ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತಿದ್ದರು. ತಾಟು ನನ್ನ ಕೈಯಲ್ಲಿತ್ತು: ಎರಡು ರೊಟ್ಟಿ, ಎಣಗಾಯಿ, ಮೊಸರು, ಒಂದು ಶೇಂಗಾ ಹೋಳಿಗೆ. ಅವ್ವ ಕುರ್ಚಿ ಎಳೆದು ಹತ್ತಿರ ಕುಳಿತಳು.

"ಅಕ್ಕಾರ, ಉಣ್ಣೂಕಿಂತ ಮದ್ಲ ಒಂದ ಮಾತು. ನೀವು ನಮ್ಮನ್ನ ಏನಂತ ತಿಳದೀರಿ, ಮಗಳು ಹೇಳ್ಯಾಳ. ನಾವು ಅವರಲ್ಲ. ನಾವು ಊರ ಹೊರಗಿನ ಕೇರಿಯವರು. ನಮ್ಮವ್ವ ನಿಮ್ಮ ಮಂದಿ ಮನಿ ಮುಂದ ದೂರ ನಿಂತು ಕಾಳು ಇಸಗೊಂಡಾಕಿ. ಈ ರೊಟ್ಟಿ ನನ್ನ ಕೈಯಾಂದು. ನಿಮಗ ಬ್ಯಾಡಂದ್ರ ಸಿಟ್ಟ ಆಗೂದಿಲ್ಲ, ಮ್ಯಾಲ ಒಯ್ದು ನಾವ ಉಣ್ಣತೀವಿ. ಇಸಗೊಂಡು ಬ್ಯಾರೆ ಯಾರಿಗೂ ಹಾಕಬ್ಯಾಡ್ರಿ, ಅಷ್ಟ."

ಕಾಕುವಿನ ಮುಖದಲ್ಲಿ ಮೊದಲು ಬಂದದ್ದು ಪ್ರೀತಿಯಲ್ಲ. ಇದನ್ನು ಇದ್ದ ಹಾಗೆ ಬರೆಯಬೇಕು. ಅವರು ಕಾಲು ಮಡಚಿಕೊಂಡರು. ಎಡಗೈ ತಾನಾಗಿ ಕೊರಳಿನ ಲಿಂಗದ ಕಡೆ ಹೋಯಿತು. ಕಣ್ಣು ಅವ್ವನನ್ನು ಬಿಟ್ಟು ಬಾಗಿಲನ್ನು ನೋಡಿತು, ಯಾರಾದರೂ ಕೇಳಿಸಿಕೊಂಡರೇ ಎಂಬಂತೆ. ಅವ್ವ ಕದಲಲಿಲ್ಲ. ನಾನು ನಿಂತಲ್ಲೇ ಮನಸ್ಸಿನಲ್ಲಿ ಸಾಮಾನು ಕಟ್ಟತೊಡಗಿದ್ದೆ. ಆಗ ಕಾಕುವಿನ ಮೂಗು ಸ್ವಲ್ಪ ಅರಳಿತು.

"ಬಳ್ಳೊಳ್ಳಿ ಹಾಕೀರೇನ್ರಿ?"

"ಹಾಕೇನ್ರಿ."

"ನೀವು ಬಳ್ಳೊಳ್ಳಿ ತಿಂತೀರಿ?"

"ತಿಂತೀವ್ರಿ. ಇಕಿ ಅಂತೂ ಹಸೀದ ತಿಂತಾಳ."

"ಶಿವನ!" ಕಾಕು ದಿಂಬು ಬಿಟ್ಟು ನೆಟ್ಟಗೆ ಕುಳಿತರು. "ಎರಡು ವರ್ಷ ಸಪ್ಪನ ಪಲ್ಯಾ ಮಾಡಿ ಮಾಡಿ ಕಳಿಸೇನಲ್ರೀ ಬಾಯಾರ! ನಮ್ಮ ಮನಿಯವರು ದಿನಾ ನನ್ನ ಬೈದಾರ, ನಿನ್ನ ಕೈ ರುಚಿ ಎಲ್ಲಿ ಹೋತು ಅಂತ. ಒಂದ ಮಾತು ಹೇಳಬಾರದೇನ್ರಿ?" ನಮ್ಮ ಜಾತಿಗಿಂತ ಆ ಪಲ್ಯದ ಸಿಟ್ಟೇ ಹೆಚ್ಚಾಗಿ ಕಾಣಿಸಿತು. ಇನ್ನೂ ಎರಡು ಮಾತು ಬೈದು, ಉಸಿರು ಬಿಟ್ಟು, ಸಣ್ಣ ಧ್ವನಿಯಲ್ಲಿ ಹೇಳಿದರು: "ನಮ್ಮ ನಾದಿನಿ ಮುಂದ ಮಾತ್ರ ಹೇಳಬ್ಯಾಡ್ರಿ."

"ನಾ ಆಗಿ ಹೇಳೂದಿಲ್ಲ. ಕೇಳಿದ್ರ ಸುಳ್ಳು ಹೇಳೂದಿಲ್ಲ."

"ಆಕಿ ಕೇಳೇ ಕೇಳ್ತಾಳ್ರಿ" ಎಂದು ಕಾಕು ಹಣೆ ಒತ್ತಿಕೊಂಡರು. ಆಮೇಲೆ ತಾಟಿನ ಕಡೆ ನೋಡಿ, "ಕೇಳ್ಲಿ ಬಿಡ್ರಿ. ಹಸಿವ್ಯಾಗೈತಿ, ಉಣಸ್ರಿ" ಎಂದರು.

ಅವ್ವ ರೊಟ್ಟಿ ಮುರಿದು ಎಣಗಾಯಿಯಲ್ಲಿ ಅದ್ದಿದಳು. ಮೊದಲ ಚೂರು ಕೈಜಾರಿ ತಾಟಿಗೆ ಬಿತ್ತು, ಮತ್ತೆ ಅದ್ದಿದಳು. ಮೂವತ್ತೈದು ವರ್ಷ ಕರಿಹಲಗೆಯ ಮೇಲೆ ಒಂದು ಅಕ್ಷರವನ್ನೂ ಸೊಟ್ಟ ಬರೆಯದ ಕೈ ಅದು. ಕಾಕು ಬಾಯಿ ತೆರೆದರು. ಮೊದಲ ತುತ್ತನ್ನು ಬಹಳ ಹೊತ್ತು ಅಗಿದರು, ಎರಡನೆಯದನ್ನು ಅಷ್ಟು ಹೊತ್ತು ಅಗಿಯಲಿಲ್ಲ. "ಉಪ್ಪು ಚೂರು ಕಡಿಮಿ ಆಗೈತಿ" ಎಂದು ಮೂರನೆಯದಕ್ಕೆ ಹೇಳಿದರು. ಹೋಳಿಗೆಯನ್ನು ಕಣ್ಣು ಮುಚ್ಚಿಕೊಂಡು ತಿಂದರು.

ಎಲ್ಲ ಮುಗಿದ ಮೇಲೆ, "ತಾಟಿನ್ಯಾಗ ಒಂದೀಟು ನೀರು ಹಾಕ್ರಿ" ಎಂದರು. ಕೈ ತೊಳೆಯಲು ಕೇಳುತ್ತಿದ್ದಾರೆಂದು ತಿಳಿದು ನಾನು ಚೊಂಬು ಬಗ್ಗಿಸಿದೆ. ಕೈಯಲ್ಲಿ ತೊಳೆಯುವಂಥದ್ದು ಏನೂ ಇರಲಿಲ್ಲ, ಉಣಿಸಿದ್ದು ಅವ್ವ. ಕಾಕು ಎಡಗೈಯಲ್ಲಿ ತಾಟು ಎತ್ತಿ, ಆ ನೀರನ್ನು ಸುತ್ತಲೂ ಆಡಿಸಿ, ಅಂಟಿದ್ದ ಎಣಗಾಯಿಯನ್ನೂ ಹೋಳಿಗೆಯ ಪುಡಿಯನ್ನೂ ಅದರಲ್ಲೇ ಬಿಡಿಸಿಕೊಂಡು, ತುಟಿಗೆ ಹಚ್ಚಿ ಕುಡಿದುಬಿಟ್ಟರು. ಅವ್ವ ಗಾಬರಿಯಾಗಿ ಎದ್ದು ನಿಂತಳು.

"ನಮ್ಮ ಮನಿ ಪದ್ಧತಿ ರೀ" ಎಂದರು ಕಾಕು, ಬಾಯಿ ಒರೆಸಿಕೊಳ್ಳುತ್ತ. "ಉಂಡದ್ದು ಪ್ರಸಾದ. ಒಂದ ಅಗಳೂ ಚೆಲ್ಲೂದಿಲ್ಲ. ರಾತ್ರಿಗೆ ಎಷ್ಟಕ್ಕ ಬರ್ತೀರಿ?"

"ಎಂಟಕ್ಕ ಬರ್ತೇನ್ರಿ" ಎಂದಳು ಅವ್ವ. ಹೊರಗೆ ಬಂದು ನಾಲ್ಕು ಮೆಟ್ಟಿಲು ಹತ್ತಿದವಳು ಐದನೆಯದರ ಮೇಲೆ ಕುಳಿತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಸಮಾನತೆಯ ಬಗ್ಗೆ ಮುಕ್ಕಾಲು ತಾಸು ಮಾತಾಡುವ ನಾನು ಖಾಲಿ ತಾಟು ಹಿಡಿದುಕೊಂಡಿದ್ದೆ. ಅವಳು ಏಳುವವರೆಗೆ ಪಕ್ಕದಲ್ಲಿ ನಿಂತಿದ್ದೆ. ಆಮೇಲೆ ಮೇಲೆ ಹೋಗಿ ತಾಟನ್ನು ನಲ್ಲಿಯ ಕೆಳಗೆ ಹಿಡಿದೆ. ತೊಳೆಯಲು ಅದರಲ್ಲಿ ಏನೂ ಉಳಿದಿರಲಿಲ್ಲ.